ರೋಜಾ ಹಿಡಿದ ನಿಂಬೆಗಿಡಗಳ ಕಾವಲು

ಗಿಡ ನಳನಳಿಸುವುದನ್ನು ಕಂಡು ಎದೆ ಹಿಡಿದುಕೊಂಡ ಹೆಂಗಸನ್ನು ನಾನು ನೋಡಿದ್ದು ಇದೇ ಮೊದಲು.

ಆಗಿನ್ನೂ ಬೆಳಕು ಹರಿಯುತ್ತಿದೆ. ಹಾವೇರಿಯಿಂದ ರಾಣೆಬೆನ್ನೂರಿನತ್ತ ಬರುವ ಹೆದ್ದಾರಿಯ ಪಕ್ಕ, ಸಸ್ಯ ಸಂಶೋಧನಾ ಕೇಂದ್ರವೊಂದರ ಹಿಂಭಾಗದಲ್ಲಿ ಒಂದು ನೆರಳುಮನೆ ಇದೆ. ಸುತ್ತ ಹಸಿರು ಬಲೆ, ಮೇಲೆ ಮಳೆ ತಡೆಯುವ ಪ್ಲಾಸ್ಟಿಕ್ ಹಾಳೆ. ಸಕೀನಾಬಿ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಕಾಲಿಡುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲೆಂದು ಬಂದ ನಾನು ಹಿಂದೆ ನಿಂತಿದ್ದೇನೆ. ಎಡಗಡೆ ಒಂದು ಸಾಲು ನಿಂಬೆ ಸಸಿ, ಬಲಗಡೆ ಒಂದು ಸಾಲು. ಎಲ್ಲವೂ ಕಪ್ಪು ಕುಂಡದಲ್ಲಿ, ಎಲ್ಲವೂ ಮೊಣಕಾಲೆತ್ತರ. ಎಡಗಡೆಯವಕ್ಕೆ ದಿನವೂ ನೀರುಂಟು. ಬಲಗಡೆಯವಕ್ಕೆ ವಾರದ ಮೇಲಾಯಿತು, ಒಂದು ಹನಿಯೂ ಬಿದ್ದಿಲ್ಲ. ಬೀಳದಂತೆ ನೋಡಿಕೊಳ್ಳುವುದೇ ಸಕೀನಾಬಿಯ ಕೆಲಸ.

ಬಲಗಡೆಯ ಗಿಡಗಳ ಎಲೆಗಳೆಲ್ಲ ಇಷ್ಟು ಹೊತ್ತಿಗೆ ಸುರುಳಿ ಸುತ್ತಿಕೊಂಡು ಜೋತುಬಿದ್ದಿರಬೇಕು. ಒಳಗಡೆಯ ಗಿಡಗಳು ಹಾಗೇ ಇವೆ. ಬಾಗಿಲಿಗೆ ಹತ್ತಿರದ ಹತ್ತು ಹನ್ನೆರಡು ಗಿಡಗಳು ಮಾತ್ರ ಎಲೆ ಬಿಚ್ಚಿಕೊಂಡು ನೆಟ್ಟಗೆ ನಿಂತಿವೆ. ನೋಡಲು ಚೆಂದವೇ. ನಾನು ಚೆಂದ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಸಕೀನಾಬಿ ಮೊಣಕಾಲೂರಿ ಕುಳಿತು ಒಂದು ಕುಂಡದ ಮಣ್ಣಿನಲ್ಲಿ ಬೆರಳಿಳಿಸುತ್ತಾರೆ. ಬೆರಳಿಗೆ ಹಸಿ ಮಣ್ಣು ಹತ್ತಿ ಬರುತ್ತದೆ. ಪಕ್ಕದ ಕುಂಡದಲ್ಲೂ ಅಷ್ಟೆ, ಅದರ ಪಕ್ಕದ್ದರಲ್ಲೂ ಅಷ್ಟೆ. ಅವರ ಮುಖದ ಬಣ್ಣ ಇಳಿದುಹೋಗಿದೆ.

"ಯಾ ಅಲ್ಲಾ. ಯಾರೋ ನೀರ ಹಾಕ್ಯಾರ್ರಿ. ಇವತ್ತ ಮೇಡಂ ಎಲಿ ಕೊಯ್ಯಾಕ ಬರ್ತಾರ. ಇವತ್ತ!"

ಮೇಡಂ ಎಂದರೆ ಸ್ನೇಹಾ, ಹಾವೇರಿಯ ಹುಡುಗಿ, ಇಲ್ಲಿ ಸಂಶೋಧನೆ ಮಾಡುತ್ತಿರುವವರು. ಬಾಯಾರಿದ ನಿಂಬೆಗಿಡದೊಳಗೆ ಏನು ನಡೆಯುತ್ತದೆ ಎಂಬುದು ಅವರ ಪ್ರಶ್ನೆ. ಹಿಂದಿನ ದಿನ ಫೋನಿನಲ್ಲಿ ಅವರು ನನಗೆ ವಿವರಿಸಿದ್ದರು. ಗಿಡದ ಪ್ರತಿ ಜೀವಕೋಶದಲ್ಲೂ ಒಂದು ದೊಡ್ಡ ಪುಸ್ತಕವಿದ್ದಂತೆ ಡಿಎನ್‌ಎ ಇರುತ್ತದೆ. ಆ ಪುಸ್ತಕವನ್ನು ಗಿಡ ಪೂರ್ತಿ ಓದುವುದಿಲ್ಲ, ಬೇಕಾದಾಗ ಬೇಕಾದ ಸಾಲನ್ನಷ್ಟೇ ಓದುತ್ತದೆ. ಯಾವ ಸಾಲು ಎಂದು ತೋರಿಸಿಕೊಡುವ ಪ್ರೋಟೀನುಗಳಲ್ಲಿ ಒಂದು ಕುಟುಂಬಕ್ಕೆ ಜಿಂಕ್ ಫಿಂಗರ್ ಎಂದು ಹೆಸರು. ಸತುವಿನ ಒಂದು ಕಣವನ್ನು ಹಿಡಿದುಕೊಂಡು ಬೆರಳಿನಂತೆ ಮಡಚಿಕೊಂಡಿರುತ್ತವಂತೆ, ಅದಕ್ಕೇ ಆ ಹೆಸರು. ಕುಟುಂಬ ದೊಡ್ಡದು. ಬರಗಾಲ ಬಂದಾಗ ಆ ಮನೆಯ ಯಾವ ಸದಸ್ಯ ಎದ್ದು ಕೂರುತ್ತಾನೆ, ಯಾವ ಸಾಲಿನ ಮೇಲೆ ಬೆರಳಿಡುತ್ತಾನೆ ಎಂಬುದು ಗೊತ್ತಾದರೆ ಕಡಿಮೆ ನೀರಿನಲ್ಲಿ ಬದುಕುವ ನಿಂಬೆಯನ್ನು ಆರಿಸಿಕೊಳ್ಳುವುದು ಸುಲಭವಾಗುತ್ತದೆ.

ಇದನ್ನು ಕಣ್ಣಿಂದ ನೋಡಲಾಗುವುದಿಲ್ಲ. ಗಿಡವನ್ನು ದಿನಗಟ್ಟಲೆ ಬಾಯಾರಿಸಿ, ಎಲೆ ಕೊಯ್ದು, ಕೊಯ್ದ ತಕ್ಷಣ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಆಗ ಎಲೆಯೊಳಗಿನ ಎಲ್ಲವೂ ಇದ್ದಲ್ಲೇ ಹೆಪ್ಪುಗಟ್ಟುತ್ತದೆ, ಬೆರಳು ಯಾವ ಸಾಲಿನ ಮೇಲಿತ್ತೆಂದು ಆಮೇಲೆ ಪತ್ತೆ ಹಚ್ಚಬಹುದು. ನಡುವೆ ನೀರು ತಾಗಿತೋ, ಮುಗಿಯಿತು. ಕೆಲವೇ ಗಂಟೆಗಳಲ್ಲಿ ಗಿಡ ಬೇರೆ ಸಾಲು ಓದತೊಡಗುತ್ತದೆ. ನೋಡಲು ನಗುತ್ತಾ ನಿಂತ ಈ ಗಿಡಗಳು ಇವತ್ತು ಸ್ನೇಹಾ ಅವರ ಪಾಲಿಗೆ ಸುಳ್ಳು ಹೇಳುವ ಗಿಡಗಳು.

ಸಕೀನಾಬಿಗೂ ಸ್ನೇಹಾ ಇದನ್ನೆಲ್ಲ ಹೇಳಿದ್ದಾರೆ. ಎಷ್ಟು ಅರ್ಥವಾಯಿತು ಎಂದು ಕೇಳಿದರೆ ಅವರು ಸಂಕೋಚಪಡುತ್ತಾರೆ.

"ಸಣ್ಣಾಕಿದ್ದಾಗ ಉಸ್ತಾದರು ಕುರಾನ್ ಕಲಿಸುವಾಗ ಅಕ್ಷರದ ಕೆಳಗ ಬೆರಳ ಇಡ್ತಿದ್ರು. ಅವರ ಬೆರಳ ಇದ್ದಲ್ಲಿ ನಾವು ಓದಬೇಕು. ಹಂಗ ಏನೋ ಒಂದು ಗಿಡದಾಗ ಐತಿ ಅಂತ ತಿಳ್ಕೊಂಡೇನ್ರಿ. ಅದಕಿಂತ ಹೆಚ್ಚಿಗಿ ನನ್ನ ತಲಿಗೆ ಹತ್ತೂದಿಲ್ಲ. ನೀರ ಕೊಡಬ್ಯಾಡ ಅಂದ್ರು, ಕೊಡೂದಿಲ್ಲ."

ಕೇಳುವುದಕ್ಕೆ ಇದಕ್ಕಿಂತ ಹಗುರದ ಕೆಲಸ ಇನ್ನೊಂದಿಲ್ಲ. ನೀರು ಹಾಕದೇ ಇರುವುದಕ್ಕೂ ಸಂಬಳವೇ ಎಂದು ನಾನೂ ಮೊದಲು ನಕ್ಕಿದ್ದೆ. ಒಂದು ಬೆಳಗು ಅವರ ಹಿಂದೆ ಸುತ್ತಿದ ಮೇಲೆ ನಗು ಬರುವುದಿಲ್ಲ. ಎಡಗಡೆ ಸಾಲಿಗೆ ಪೈಪು ಹಿಡಿಯುವಾಗ ಒಂದು ಹನಿ ಈಚೆ ಸಿಡಿಯಬಾರದು, ಅದಕ್ಕಾಗಿ ನಡುವೆ ಗೋಣಿತಾಟು ಕಟ್ಟಬೇಕು. ಮೇಲಿನ ಹಾಳೆಗೆ ತೂತು ಬಿದ್ದಿದೆಯೇ ಎಂದು ದಿನವೂ ನೋಡಬೇಕು. ಎಲೆಯೊಳಗೆ ಬಿಳಿ ಗೆರೆ ಕೊರೆಯುವ ರಂಗೋಲಿ ಹುಳವನ್ನು ಹುಡುಕಿ ತೆಗೆಯಬೇಕು, ಔಷಧಿ ಹೊಡೆಯುವಂತಿಲ್ಲ. ಕುಂಡಗಳ ಸಂದಿಯಲ್ಲಿ ಹಾವು ಮಲಗಿರುವುದೂ ಉಂಟು. ಹಾವಿಗೆ ಅವರು ಅಷ್ಟು ಹೆದರುವುದಿಲ್ಲ. ಅವರು ಹೆದರುವುದು ಗಿಡಗಳಿಗೆ.

"ಅಂಜಿಕಿ ಬರತೈತ್ರಿ, ಖರೇ ಹೇಳ್ತೇನಿ. ನಾಕು ದಿನ ಆದ ಮ್ಯಾಲೆ ಎಲಿ ಮುದುಡ್ತಾವ. ಆಮ್ಯಾಲೆ ನಾನು ಇವುಗಳ ಮುಂದ ನೀರ ಕುಡಿಯೂದಿಲ್ಲ. ಬಾಟ್ಲಿ ಸೆರಗಿನಾಗ ಮುಚ್ಚಿಗೊಂಡು ಹೊರಗ ಹೋಗಿ ಕುಡದ ಬರ್ತೇನಿ."

ಯಾಕೆ ಎಂದು ಕೇಳುತ್ತೇನೆ. ಹಸಿ ಮಣ್ಣು ಹತ್ತಿದ ಬೆರಳನ್ನು ಸೆರಗಿಗೆ ಒರೆಸುತ್ತಲೇ ಅವರು ಹೇಳುತ್ತಾರೆ. ಅವರ ತಾಯಿ ಅಮೀರಬಿ ಗುತ್ತಲದವರು. ಕರುಳಿನ ಆಪರೇಷನ್ ಆದಾಗ ಮಗ್ಗುಲಲ್ಲಿ ಕೂತವರು ಸಕೀನಾಬಿ. ನೀರು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ತಾಯಿ ಬೇಡಿದರು, ಬೈದರು, ಕೊನೆಗೆ ತುಟಿ ತೋರಿಸಿದರು. ಮಗಳು ಒದ್ದೆ ಅರಿವೆಯನ್ನು ತುಟಿಗೆ ಒತ್ತಿದಳೇ ಹೊರತು ಒಂದು ಗುಟುಕು ಕೊಡಲಿಲ್ಲ. ತಾಯಿ ಉಳಿಯಲಿಲ್ಲ.

"ಡಾಕ್ಟರು ಹೇಳಿದ್ದು ಸರೀನ ಇತ್ತು. ನೀರಿಲ್ಲದ್ದಕ್ಕ ಹೋದಾಕಿ ಅಲ್ಲ ಆಕಿ, ಅದೂ ನನಗ ಗೊತ್ತೈತಿ. ಆದ್ರೂ ಇಲ್ಲೆ ಎಲಿ ಮುದುಡಿದ್ದು ನೋಡಿದ್ರ ಆ ತುಟಿ ಕಾಣಸ್ತಾವ್ರಿ."

ಅದನ್ನು ಕೇಳಿದ ಮೇಲೆ ನಾನೂ ಆ ಸಾಲಿನ ಕಡೆ ಬೆನ್ನು ಮಾಡಿ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಭಯವಾಯಿತು.

ಇಷ್ಟು ಹೆದರಿಕೆ ಇಟ್ಟುಕೊಂಡು ಈ ಕೆಲಸಕ್ಕೆ ಯಾಕೆ ಬಂದರು ಎನ್ನುವುದಕ್ಕೆ ಉತ್ತರ ಬ್ಯಾಡಗಿಯಲ್ಲಿದೆ. ಮದುವೆಯಾಗಿ ಬಂದಾಗಿನಿಂದ ಅವರು ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಗಂಡ ಗೂಡುಸಾಬ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಖಾರದ ಧೂಳು ಅವರ ಎದೆಗೆ ಕೂತಿತು, ಈಗ ನಾಲ್ಕು ಮಾತಾಡಿದರೆ ಕೆಮ್ಮು. ಸಕೀನಾಬಿಯ ಕೈ ಸದಾ ಉರಿಯುತ್ತಿತ್ತು. ಮಗು ಅತ್ತರೆ ಕಣ್ಣೊರೆಸುವಂತಿಲ್ಲ, ಎತ್ತಿಕೊಳ್ಳುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೊಳೆಯಬೇಕು. ರಾಣೆಬೆನ್ನೂರಿಗೆ ಮನೆ ಬದಲಿಸಿ, ಬೀಜದ ಕಂಪನಿಯೊಂದರ ಹೊಲದಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಇಲ್ಲಿಗೆ ಬಂದರು. ಇಲ್ಲಿ ಕೈ ತಣ್ಣಗಿದೆ.

ಒಂದೆರಡು ತಿಂಗಳ ಹಿಂದೆ ಅವರು ಇನ್ನೊಬ್ಬಳ ಕೈಯನ್ನೂ ಬ್ಯಾಡಗಿಯಿಂದ ಬಿಡಿಸಿ ತಂದರು. ಆಕೆ ದೇವವ್ವ, ತೊಟ್ಟು ಬಿಡಿಸುವಾಗ ಪಕ್ಕದಲ್ಲಿ ಕೂರುತ್ತಿದ್ದವಳು. ಕಣ್ಣು ಕೆಂಪಗಾಗಿ ರೆಪ್ಪೆ ಊದಿಕೊಂಡು, ಇನ್ನು ಈ ಕೆಲಸ ಮಾಡಿದರೆ ಕಣ್ಣಿಗೆ ಅಪಾಯ ಎಂದು ಡಾಕ್ಟರಿಂದ ಹೇಳಿಸಿಕೊಂಡವಳು. ಸಕೀನಾಬಿ ಇಲ್ಲಿನ ಮೇಲ್ವಿಚಾರಕ ಪ್ರವೀಣಕುಮಾರ ಅವರ ಹತ್ತಿರ ಹೋಗಿ, "ನನ್ನ ಜವಾಬ್ದಾರಿ ಸಾಹೇಬ್ರ" ಎಂದು ಹೇಳಿ ಆಕೆಯನ್ನು ಹೊರಗಿನ ತೋಟದ ಕೆಲಸಕ್ಕೆ ಸೇರಿಸಿದರು. ನಿನ್ನೆ ಮಧ್ಯಾಹ್ನ ಗಂಡನನ್ನು ಹಾವೇರಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದದ್ದರಿಂದ ನೆರಳುಮನೆಯ ಇನ್ನೊಂದು ಬೀಗದ ಕೈಯನ್ನು ಕೊಟ್ಟುಹೋದದ್ದೂ ಈ ದೇವವ್ವನ ಕೈಗೇ. ಅಂದಮೇಲೆ ನೀರು ಹಾಕಿದ್ದು ಯಾರೆಂದು ಬೇರೆ ಹುಡುಕಬೇಕಿಲ್ಲ. ಸಕೀನಾಬಿಗೆ ಹೆದರಿಕೆಯಾಗಿರುವುದು ಅದಕ್ಕೇ. ಹೋದ ಬೇಸಿಗೆಯಲ್ಲಿ ಗೇಟು ಹಾಕಲು ಮರೆತು ಆಡು ನುಗ್ಗಿದಾಗ ಕಾವಲಿನವನನ್ನು ಪ್ರವೀಣಕುಮಾರ ಅದೇ ದಿನ ಮನೆಗೆ ಕಳಿಸಿದ್ದರು. ದೇವವ್ವ ಇಲ್ಲಿಂದ ಹೋದರೆ ಮತ್ತೆ ಆ ಖಾರದ ರಾಶಿಯ ಮುಂದೆಯೇ ಕೂರಬೇಕು, ಈ ಸಲ ಕಣ್ಣು ಪಣಕ್ಕಿಟ್ಟು.

ದೇವವ್ವ ಬರುತ್ತಾಳೆ. ತಲೆಗೆ ಟವೆಲ್ ಸುತ್ತಿಕೊಂಡು, ಊಟದ ಡಬ್ಬಿ ಆಡಿಸುತ್ತಾ, ಮುಖದ ತುಂಬ ನಗು.

"ಅಕ್ಕಾ, ಭಾವಾರಿಗೆ ಹೆಂಗೈತಿ? ನೋಡಿದ್ಯಾ, ನಿನ್ನ ಗಿಡಾ ಹೆಂಗ ಆಗ್ಯಾವ!"

"ನೀರ ಹಾಕಿದಿ ಏನ ದೇವಿ?"

"ಹಾಕಿದೆ. ಆದ್ರ ನೀ ಹೇಳಿದಂಗ ಹಗಲೆಲ್ಲಾ ಒಂದ ಹನಿ ಹಾಕಿಲ್ಲವ್ವಾ, ಮೈಲಾರಲಿಂಗನ ಆಣಿ. ಸಂಜಿಕ ಮಸೂತ್ಯಾಗ ಆಜಾನ್ ಆತು ನೋಡು, ಆವಾಗ ಬಿಡಿಸಿದೆ. ಒಂದೊಂದಕ್ಕ ಒಂದೊಂದ ಚರಿಗಿ. ಅಷ್ಟ್ರಾಗ ಕರೆಂಟ್ ಹೋತು, ಕತ್ತಲಾತು, ಒಳಗಿನವಕ್ಕ ಆಗಲಿಲ್ಲ. ಪಾಪ, ಅವು ಹಂಗ ಉಪಾಸ ಉಳದ್ವು."

ಒಂದು ಗಳಿಗೆ ನನಗೆ ತಲೆಬುಡ ತಿಳಿಯಲಿಲ್ಲ. ಸಕೀನಾಬಿಗೆ ತಿಳಿಯಿತು.

ನಡೆದದ್ದು ಇಷ್ಟು. ಬಲಗಡೆಯ ಸಾಲಿಗೆ ಸ್ನೇಹಾ ಇಟ್ಟ ಇಂಗ್ಲಿಷ್ ಹೆಸರು ಸಕೀನಾಬಿಯ ಬಾಯಿಗೆ ಒಗ್ಗಲಿಲ್ಲ. ಅವರು ತಮ್ಮದೇ ಒಂದು ಹೆಸರಿಟ್ಟರು, ರೋಜಾ ಹಿಡಿದ ಗಿಡ. ಬಾಯಾರಿದ ಗಿಡ ಎಂದರೆ ಅವರಿಗೆ ಸಂಕಟ. ರೋಜಾ ಎಂದರೆ ಉಪವಾಸ ವ್ರತ, ಅದರಲ್ಲಿ ಪುಣ್ಯವಾದರೂ ಉಂಟು. ನಿನ್ನೆ ಬೀಗದ ಕೈ ಕೊಡುವಾಗಲೂ ಅದನ್ನೇ ಹೇಳಿದ್ದರು, "ಆ ಸಾಲಿನ ಕಡೆ ಹೋಗಬ್ಯಾಡ, ಅವು ರೋಜಾ ಅದಾವ." ದೇವವ್ವ ಬ್ಯಾಡಗಿಯಲ್ಲಿ ಬೆಳೆದದ್ದು ಮುಸಲ್ಮಾನರ ಮನೆಗಳ ನಡುವೆ. ರೋಜಾ ಎಂದರೇನೆಂದು ಆಕೆಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳಗಿನಿಂದ ಎಂಜಲು ನುಂಗದೆ ಇರುತ್ತಾರೆ, ಹೊತ್ತು ಮುಳುಗಿ ಆಜಾನ್ ಆದ ಕೂಡಲೇ ನೀರು ಕುಡಿಯುತ್ತಾರೆ. ಆ ಹೊತ್ತಿಗೆ ರೋಜಾ ಬಿಡದಿದ್ದರೆ ತಪ್ಪು, ಬಿಡಿಸದಿದ್ದರೆ ಇನ್ನೂ ದೊಡ್ಡ ತಪ್ಪು. ಆಜಾನ್ ಕೇಳಿದ್ದೇ ಆಕೆ ಚರಿಗೆ ಹಿಡಿದು ಓಡಿದ್ದಾಳೆ. ಗಿಡಗಳ ಮುಂದೆ ಉಪವಾಸ ಬಿಡುವ ಖರ್ಜೂರ ಇಡುವುದೊಂದೇ ಬಾಕಿ ಇತ್ತು.

ನಾನು ನಕ್ಕೆ. ಇಬ್ಬರೂ ನಗಲಿಲ್ಲ. ದೇವವ್ವ ಸಕೀನಾಬಿಯ ಮುಖ ನೋಡಿ ಡಬ್ಬಿ ಕೆಳಗಿಟ್ಟಳು.

"ನಾ ಏನರ ತಪ್ಪ ಮಾಡಿದ್ನೇನ ಅಕ್ಕಾ? ನನ್ನ ತಗದ ಹಾಕ್ತಾರೇನ?"

ಹೊರಗೆ ಲಾರಿಗಳ ಸದ್ದು ಹೆಚ್ಚುತ್ತಿದೆ, ಬಿಸಿಲು ಬಲೆಯೊಳಗೆ ಇಳಿಯುತ್ತಿದೆ. ಸ್ನೇಹಾ ಅವರ ಸ್ಕೂಟರ್ ಯಾವಾಗ ಬೇಕಾದರೂ ಬರಬಹುದು. ನಾನು ಪತ್ರಕರ್ತ, ನೋಡಿ ಬರೆಯುವುದು ನನ್ನ ಕೆಲಸ, ಬುದ್ಧಿ ಹೇಳುವುದಲ್ಲ. ಆದರೂ ತಡೆಯಲಾಗದೆ, ಎಡಗಡೆಯ ಪೈಪು ಸೋರಿ ಈಚೆ ಹರಿಯಿತು ಎಂದುಬಿಡಿ, ಪೈಪಿಗೇನು ಕೆಲಸ ಹೋಗುವುದಿಲ್ಲ ಎಂದೆ.

ಸಕೀನಾಬಿ ಪೈಪಿನ ಕಡೆ ನೋಡಿದರು. ಸಾಕಷ್ಟು ಹೊತ್ತೇ ನೋಡಿದರು. ನನ್ನ ಮಾತು ಅವರಿಗೆ ಹಿಡಿಸಿತ್ತು ಎಂದೇ ನನ್ನ ಲೆಕ್ಕ.

"ಪೈಪ ಅಂದ್ರ ಪೈಪ ಬದಲಿ ಮಾಡಸ್ತಾರ್ರಿ ಸರ್. ನನ್ನ ಮಾತು ಬದಲಿ ಆಗೂದಿಲ್ಲ. ನಾಳಿ ಮತ್ತೊಬ್ಬಾಕಿಗೆ ಮತ್ತ ಹಿಂಗ ಹೇಳ್ತೇನಿ, ಆಕಿ ಮತ್ತ ನೀರ ಹಾಕ್ತಾಳ. ಮೇಡಂ ಓದು ಹಾಳಾಗತೈತಿ."

ಅಷ್ಟು ಹೇಳಿದವರೇ ಬಾಗಿಲ ಬಳಿ ಹೋಗಿ ಸ್ಕೂಟರಿನ ದಾರಿ ನೋಡುತ್ತಾ ನಿಂತರು.

ಸ್ನೇಹಾ ಬಂದಾಗ ಪ್ರವೀಣಕುಮಾರ ಅವರೂ ಜೊತೆಗಿದ್ದರು. ಇಬ್ಬರೂ ಸೇರಿ ಸಾರಜನಕದ ಭಾರದ ಕ್ಯಾನನ್ನು ಆಚೀಚೆ ಹಿಡಿದು ತಂದರು. ಅದನ್ನು ಧಾರವಾಡದಿಂದ ತರಿಸಿದ್ದು, ಇಟ್ಟಲ್ಲೇ ಆವಿಯಾಗುತ್ತಾ ಖಾಲಿಯಾಗುವಂಥದ್ದು. ಕ್ಯಾನು ನೆಲ ಮುಟ್ಟುವ ಮೊದಲೇ ಸಕೀನಾಬಿ ಬಾಯಿಬಿಟ್ಟರು.

"ಎಲಿ ಕೊಯ್ಯಬ್ಯಾಡ್ರಿ ಮೇಡಂ. ನಿನ್ನಿ ಸಂಜಿಕ ಇವಕ್ಕ ನೀರ ಬಿದ್ದೈತಿ. ಹಾಕಿದಾಕಿ ದೇವವ್ವ, ಹಾಕಿಸಿದ್ದು ನನ್ನ ಮಾತು."

ರೋಜಾದ ಕತೆಯನ್ನು ಅವರು ತಡೆತಡೆದು ಹೇಳಿದರು. ಸ್ನೇಹಾ ಪೂರ್ತಿ ಕೇಳಿದರು. ಆಮೇಲೆ ಒಂದೊಂದೇ ಕುಂಡವನ್ನು ತಕ್ಕಡಿಯ ಮೇಲಿಟ್ಟು ತೂಗಿದರು, ನೀರು ಕುಡಿದ ಕುಂಡಗಳೆಲ್ಲ ತೂಕದಲ್ಲಿ ಹೆಚ್ಚಿದ್ದವು. ಉಳಿದ ಒಣಗಿದ ಗಿಡಗಳು ಪ್ರಯೋಗಕ್ಕೆ ಸಾಲುವುದಿಲ್ಲ. ಸ್ನೇಹಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹಣೆ ಒತ್ತಿಕೊಂಡರು.

"ನಮ್ಮ ಗೈಡಿಗೆ ಏನ ಹೇಳಲಿ ಸಕೀನಮ್ಮಾ? ಮಳಿಗಾಲ ಬಂತಂದ್ರ ಗಾಳ್ಯಾಗ ತಂಪ ಏರತೈತಿ, ಗಿಡ ಲಗೂ ಒಣಗೂದಿಲ್ಲ. ನನಗ ಉಳದದ್ದ ಇದೊಂದ ಬ್ಯಾಸಿಗಿ."

ಅವರ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. ಆ ನೆರಳುಮನೆಯಲ್ಲಿ ಆಗ ಹೆದರದವರೆಂದರೆ ಪ್ರವೀಣಕುಮಾರ ಒಬ್ಬರೇ. ಅವರು ದೇವವ್ವನ ಕಡೆ ತಿರುಗಿಯೂ ನೋಡಲಿಲ್ಲ.

"ಆತು. ಇನ್ನೊಂದು ಸಾಲು ಸಸಿ ಅದಾವ, ಇವತ್ತಿಂದನ ಶುರು ಮಾಡ್ರಿ. ಸಕೀನಾಬಿ, ಇನ್ನ ಬೀಗದ ಕೈ ನಿಮ್ಮ ಒಬ್ಬರ ಹತ್ರನ ಇರ್ಲಿ. ಆಕಿ ನಾಳಿಂದ ಬರೂದ ಬ್ಯಾಡ."

ದೇವವ್ವ ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ಕೆಂಪಗಿನ ಕಣ್ಣನ್ನು ಎವೆಯಿಕ್ಕದೆ ಸಕೀನಾಬಿಯ ಮೇಲಿಟ್ಟಿದ್ದಳು.

ಸಕೀನಾಬಿ ಸೊಂಟದಿಂದ ಬೀಗದ ಕೈ ತೆಗೆದರು. ಪ್ರವೀಣಕುಮಾರ ಅವರ ಮುಂದೆ ಹಿಡಿದರು. ಇಷ್ಟು ಹೆದರಿದ ಮನುಷ್ಯರು ಇಂಥ ಕೆಲಸ ಮಾಡುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ. ಅವರೂ ನಿರೀಕ್ಷಿಸಿರಲಿಲ್ಲವೇನೋ, ತಮ್ಮ ಚಾಚಿದ ಕೈಯನ್ನು ತಾವೇ ಗಾಬರಿಯಿಂದ ನೋಡುತ್ತಿದ್ದರು.

"ಹಂಗಾದ್ರ ಇದನ್ನ ತಗೋರಿ ಸಾಹೇಬ್ರ. ಒಬ್ಬಾಕಿನ ಕುಂತು ಇನ್ನೊಂದು ಸಾಲು ಒಣಗಸೂದು ನನ್ನಿಂದ ಆಗೂದಿಲ್ಲ. ಆಕಿ ಇದ್ರ ಮಾಡ್ತೇನಿ."

"ನೀರ ಹಾಕಿದಾಕೀನ ಬೇಕೇನ್ರಿ ನಿಮಗ?" ಎಂದು ಪ್ರವೀಣಕುಮಾರ ರೇಗಿದರು.

"ಹೌದ್ರಿ. ಆಕೀನ ಬೇಕು."

ಸ್ನೇಹಾ ಬಕೆಟ್ಟಿನಿಂದ ಎದ್ದರು. ಹೊಸಬರನ್ನು ಹುಡುಕಿ ಕಲಿಸಲು ತಮಗೆ ವೇಳೆಯಿಲ್ಲ, ಈ ಇಬ್ಬರಿಗಾದರೆ ಇನ್ನು ಯಾವ ತಪ್ಪು ಮಾಡಬಾರದೆಂದಾದರೂ ಗೊತ್ತಾಗಿದೆ ಎಂದರು. ಪ್ರವೀಣಕುಮಾರ ಬೀಗದ ಕೈ ತೆಗೆದುಕೊಳ್ಳಲಿಲ್ಲ. "ಆಜಾನ್ ಆದ್ರೂ ಇಲ್ಲ, ಗುಡಿ ಗಂಟಿ ಬಾರಿಸಿದ್ರೂ ಇಲ್ಲ, ತಿಳೀತೇನವಾ?" ಎಂದು ದೇವವ್ವನಿಗೆ ಜೋರು ಮಾಡಿ, ಕ್ಯಾನಿನ ಒಂದು ಹಿಡಿಕೆ ಎತ್ತಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಹೊಸ ಸಸಿಗಳು ಬಲಗಡೆ ಬಂದು ಕೂತಿವೆ. ದೇವವ್ವ ಅವಕ್ಕೆ ಕೊನೆಯ ನೀರು ಕುಡಿಸುತ್ತಿದ್ದಾಳೆ, ಸ್ನೇಹಾ ಹೇಳಿದಷ್ಟೇ, ಅಳತೆ ಮಾಡಿ. ಮತ್ತೆ ದಿನಗಟ್ಟಲೆ ಒಣಗುವ ಗಿಡಗಳ ನಡುವೆ ಇರಬೇಕು, ಮತ್ತೆ ಅದೇ ಹೆದರಿಕೆ. ಸಕೀನಾಬಿ ಬಾಗಿಲ ಬಳಿ ನಿಂತು ನೋಡುತ್ತಿದ್ದಾರೆ. ಮುಖದಲ್ಲಿ ಬೆಳಗಿನ ಬಿಳುಪು ಇನ್ನೂ ಹೋಗಿಲ್ಲ. ಕೆಲಸವನ್ನೇ ಪಣಕ್ಕಿಟ್ಟು ಆಕೆಯನ್ನು ಯಾಕೆ ಉಳಿಸಿಕೊಂಡಿರಿ, ಅವಳ ಕಣ್ಣಿನ ಸಲುವಾಗಿಯೇ ಎಂದು ಕೇಳಿದೆ.

"ಅದೂ ಐತ್ರಿ. ಆದ್ರ ನನ್ನ ಸಲುವಾಗೀನ ಹೆಚ್ಚು," ಎಂದು ಅವರು ದನಿ ತಗ್ಗಿಸಿದರು. "ನೀರ ಕೊಡಾಕಿ ಒಬ್ಬಾಕಿ ಮಗ್ಗಲಿಗೆ ಇದ್ರ, ಕೊಡದ ಕುಂದರಾಕಿಗೆ ಸ್ವಲ್ಪರ ಧೈರ್ಯ ಇರತೈತ್ರಿ."